ಬರೋಲೊದ ಬಾರ್ತೊಲೊ ಮಾಸ್ಕರೆಲ್ಲೊ: ನಾಲ್ಕು ತೋಟಗಳ ಒಂದೇ ವೈನ್

ನೆಬ್ಬಿಯೋಲೊ ದ್ರಾಕ್ಷಿಯ ವೈನನ್ನು ಮೊದಲ ಸಲ ಕುಡಿಯುವವರು ಮೋಸಹೋಗುವುದು ಅದರ ಬಣ್ಣದಿಂದ. ಲೋಟದ ಆಚೆಗಿನ ಬೆರಳು ಕಾಣುವಷ್ಟು ತಿಳಿಯಾದ ತೆಳುಗೆಂಪು, ಅಂಚಿನಲ್ಲಿ ಹಳೆಯ ಹೆಂಚಿನ ಛಾಯೆ. ಇದು ಹಗುರವಾದ ವೈನೇ ಇರಬೇಕೆಂದು ಭಾವಿಸಿ ಬಾಯಿಗೆ ಹಾಕಿದ ಮರುಕ್ಷಣ ಒಸಡು, ನಾಲಗೆ, ಕೆನ್ನೆಯ ಒಳಭಾಗಗಳನ್ನೆಲ್ಲ ಒಗರು ಹಿಡಿದುಕೊಳ್ಳುತ್ತದೆ. ಮಲೆನಾಡಿನ ಮನೆಗಳಲ್ಲಿ ಅಡಿಕೆ ಬೇಯಿಸಿದ ಚೊಗರನ್ನು ಬೆರಳಿಗೆ ಹಚ್ಚಿಕೊಂಡು ನೆಕ್ಕಿದವರಿಗೆ ಈ ಹಿಡಿತದ ಪರಿಚಯ ಇದ್ದೇ ಇರುತ್ತದೆ. ಎರಡರಲ್ಲಿಯೂ ಕೆಲಸ ಮಾಡುವುದು ಟ್ಯಾನಿನ್ನೇ. ಆ ಒಗರನ್ನು ಕಳೆಯದೆ, ಮರೆಮಾಚದೆ, ಕಾಲದ ಕೈಗೆ ಒಪ್ಪಿಸಿ ಹದಗೊಳಿಸುವ ಹಳೆಯ ವಿಧಾನವನ್ನು ಇಂದಿಗೂ ಬಿಡದ ಮನೆತನಗಳಲ್ಲಿ ಇಟಲಿಯ ಪಿಯೆಮೊಂತೆ ಪ್ರಾಂತದ ಬರೋಲೊ ಊರಿನ ಬಾರ್ತೊಲೊ ಮಾಸ್ಕರೆಲ್ಲೊ ಒಂದು. ಉದ್ಯೋಗದ ನಿಮಿತ್ತ ಟ್ಯೂರಿನ್ನಿನಲ್ಲಿ ನೆಲೆಸಿರುವ ನಾನು ಕಳೆದ ಚಳಿಗಾಲದಲ್ಲಿ ಊರಿನ ಹೆಸರನ್ನೇ ಹೊತ್ತ ಅವರ ನೆಬ್ಬಿಯೋಲೊ ವೈನ್ ಬರೋಲೊವನ್ನು, 2013ರ ಕೊಯ್ಲಿನದನ್ನು, ಎರಡು ದಿನ ಇಟ್ಟುಕೊಂಡು ಕುಡಿದೆ.

ಜೂಲಿಯೊ ಮಾಸ್ಕರೆಲ್ಲೊ 1918ರಲ್ಲಿ ಆರಂಭಿಸಿದ ಈ ವೈನ್ ಮನೆಯನ್ನು ಅವರ ಮಗ ಬಾರ್ತೊಲೊ 2005ರಲ್ಲಿ ತೀರಿಕೊಳ್ಳುವವರೆಗೂ ಕಾಪಾಡಿಕೊಂಡು ಬಂದರು; ಈಗ ಅದನ್ನು ನಡೆಸುತ್ತಿರುವವರು ಬಾರ್ತೊಲೊ ಅವರ ಮಗಳು ಮರಿಯಾ ತೆರೇಸಾ. ಒಟ್ಟು ಜಮೀನು ಸುಮಾರು 5 ಹೆಕ್ಟೇರ್, ಅಂದರೆ ನಮ್ಮ ಲೆಕ್ಕದಲ್ಲಿ ಹನ್ನೆರಡು ಎಕರೆಗಿಂತ ತುಸು ಹೆಚ್ಚು. ಬರೋಲೊಗೆ ಬೇಕಾದ ದ್ರಾಕ್ಷಿ ನಾಲ್ಕು ತೋಟಗಳಿಂದ ಬರುತ್ತದೆ: ಬರೋಲೊ ಊರಿನ ಕನ್ನೂಬಿ, ಸಾನ್ ಲೊರೆಂಜೊ ಮತ್ತು ರುವೆ, ಪಕ್ಕದ ಲಾ ಮೊರ್ರಾದ ರೊಕ್ಕೆ. ಇವುಗಳಲ್ಲಿ ಕನ್ನೂಬಿ ಆ ಸೀಮೆಯಲ್ಲೆಲ್ಲ ಹೆಸರಾದ ದಿಬ್ಬ. ಅದೊಂದರ ಹಣ್ಣನ್ನೇ ಪ್ರತ್ಯೇಕಿಸಿ, ಸೀಸೆಯ ಮೇಲೆ ಆ ಹೆಸರು ಮುದ್ರಿಸಿದರೆ ಇನ್ನೂ ಹೆಚ್ಚಿನ ಬೆಲೆಗೆ ಮಾರಬಹುದೆಂಬುದು ಯಾವ ವ್ಯಾಪಾರಿಗೂ ಹೊಳೆಯುವ ಉಪಾಯ. ಈ ಮನೆಯವರು ಅದನ್ನು ಮಾಡಲಿಲ್ಲ. ಒಂದು ತೋಟದ ಕೊರತೆಯನ್ನು ಇನ್ನೊಂದು ತೋಟ ತುಂಬಬೇಕೆಂಬ ಹಿರಿಯರ ಪದ್ಧತಿಯಂತೆ ನಾಲ್ಕನ್ನೂ ಕೂಡಿಸಿ ವರ್ಷಕ್ಕೆ ಒಂದೇ ಬರೋಲೊ ಮಾಡುತ್ತಾರೆ. ಲೇಬಲಿನ ಮೇಲೆ ತೋಟದ ಹೆಸರೇ ಇಲ್ಲ. ಈ ವೈನಿನ ಸೊಬಗಿನ ಗುಟ್ಟು ಈ ಕೂಡಿಕೆಯಲ್ಲಿಯೇ ಇದೆ ಎಂದು ನನಗೆ ಅನ್ನಿಸುತ್ತದೆ.

ತಯಾರಿಯ ಕ್ರಮದಲ್ಲಿ ಬೆರಗಾಗುವಂಥದ್ದೇನೂ ಇಲ್ಲ. ದ್ರಾಕ್ಷಿ ರಸ ಸಿಪ್ಪೆಯ ಸಮೇತ ಸಿಮೆಂಟಿನ ತೊಟ್ಟಿಗಳಲ್ಲಿ ಹುದುಗುತ್ತದೆ, ವಾರಗಟ್ಟಲೆ ಸಿಪ್ಪೆಯ ಜೊತೆಯಲ್ಲಿಯೇ ನೆನೆಯುತ್ತದೆ, ಬಳಿಕ ಕ್ರೊಯೇಷಿಯಾದ ಸ್ಲಾವೊನಿಯಾ ಸೀಮೆಯ ಓಕ್ ಮರದ ದೊಡ್ಡ ಪೀಪಾಯಿಗಳಿಗೆ ಹೋಗುತ್ತದೆ. ಬರೋಲೊ ಎಂದು ಮಾರಬೇಕಾದರೆ ಪೂರ್ತಿ ನೆಬ್ಬಿಯೋಲೊ ಆಗಿರಬೇಕು ಮತ್ತು ಕೊಯ್ಲಿನ ವರ್ಷದ ನವೆಂಬರ್ 1ರಿಂದ ಕನಿಷ್ಠ 38 ತಿಂಗಳು ಮಾಗಬೇಕು, ಅದರಲ್ಲಿ 18 ತಿಂಗಳು ಮರದಲ್ಲಿ ಕಳೆಯಬೇಕು ಎಂಬುದು ಸರಕಾರದ ನಿಯಮ. ಆದರೆ ಯಾವ ಗಾತ್ರದ ಪೀಪಾಯಿ ಎಂಬುದನ್ನು ನಿಯಮ ಹೇಳುವುದಿಲ್ಲ, ಜಗಳ ಹುಟ್ಟಿದ್ದೂ ಅಲ್ಲಿಯೇ. 1980ರ ದಶಕದಿಂದೀಚೆಗೆ ಅನೇಕ ಯುವ ತಯಾರಕರು 225 ಲೀಟರಿನ ಹೊಸ ಫ್ರೆಂಚ್ ಪೀಪಾಯಿ, ಅಂದರೆ ಬಾರೀಕ್‌ಗೆ ಹೊರಳಿದರು. ಪೀಪಾಯಿ ಚಿಕ್ಕದಾದಷ್ಟೂ ಅಳತೆಗೆ ತಕ್ಕಂತೆ ಮರದ ಸ್ಪರ್ಶ ಹೆಚ್ಚುತ್ತದೆ, ವೈನಿಗೆ ವೆನಿಲ್ಲಾ ಮತ್ತು ಸುಟ್ಟ ಮರದ ವಾಸನೆ ಹತ್ತುತ್ತದೆ, ಎಳೆಯ ವಯಸ್ಸಿನಲ್ಲಿಯೇ ಅದು ಮೆತ್ತಗಾಗುತ್ತದೆ. ಬಾರ್ತೊಲೊ ಇದನ್ನು ಒಪ್ಪಲಿಲ್ಲ. ವೃದ್ಧಾಪ್ಯದಲ್ಲಿ ಲೇಬಲುಗಳನ್ನು ತಾವೇ ಬಿಡಿಸುತ್ತಿದ್ದ ಅವರು, 'ಬಾರೀಕ್ ಬೇಡ, ಬೆರ್ಲುಸ್ಕೋನಿ ಬೇಡ' ಎಂದು ಒಂದೇ ಉಸಿರಿನಲ್ಲಿ ಪೀಪಾಯಿಯನ್ನೂ ರಾಜಕಾರಣಿಯನ್ನೂ ತಿರಸ್ಕರಿಸಿದ ಲೇಬಲು ದೇಶದ ಹೊರಗೂ ಹೆಸರಾಯಿತು. ಬಾರೀಕಿನಲ್ಲಿ ಮಾಗಿಸಿದ ಒಳ್ಳೆಯ ಬರೋಲೊಗಳನ್ನೂ ನಾನು ಕುಡಿದಿದ್ದೇನೆ; ಅವು ಕೆಟ್ಟವೆಂದು ಹೇಳಲಾರೆ. ಆದರೆ ಅವುಗಳಲ್ಲಿ ಮರ ಮೊದಲು ಮಾತಾಡುತ್ತದೆ, ಹಣ್ಣು ಆಮೇಲೆ.

ಇನ್ನು 2013ರ ಸೀಸೆಯ ವಿಚಾರ. ಆ ವರ್ಷ ಬರೋಲೊ ಸೀಮೆಯ ಲಾಂಗೆ ಗುಡ್ಡಗಳಲ್ಲಿ ತಂಪು ಹೆಚ್ಚು, ಕೊಯ್ಲು ತಡ. ಸೀಸೆಯನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿಟ್ಟಿದ್ದರಿಂದ ಗಷ್ಟು ತಳಕ್ಕಿಳಿದಿತ್ತು. ಮಧ್ಯಾಹ್ನ ಬಿರಡೆ ತೆಗೆದಾಗ ಬಂದ ಮೊದಲ ವಾಸನೆ ಮುಚ್ಚಿಟ್ಟ ಮನೆಯದು, ಸ್ವಲ್ಪ ನಿರಾಸೆಯೇ ಆಯಿತು. ಮೂರು ಗಂಟೆಯ ಬಳಿಕ ಅದೇ ಲೋಟದಿಂದ ಬಾಡಿದ ಗುಲಾಬಿ, ಒಣಗಿಸಿದ ಕಿತ್ತಳೆ ಸಿಪ್ಪೆ, ಮಳೆ ನಿಂತ ಮೇಲಿನ ಎಲೆಗೊಬ್ಬರ, ಇವುಗಳ ಹಿಂದೆ ದೂರದಲ್ಲೆಲ್ಲೋ ರಸ್ತೆಗೆ ಹಾಕುವ ಡಾಂಬರಿನ ವಾಸನೆಯೂ ಎದ್ದಿತು. ಡಾಂಬರೆಂದರೆ ಮೂಗು ಮುರಿಯಬೇಕಿಲ್ಲ. ಬರೋಲೊದ ಪರಿಮಳವನ್ನು ಬಲ್ಲವರು ಗುಲಾಬಿಯ ಜೊತೆಗೆ ಇದನ್ನೇ ಹೆಸರಿಸುವುದು. ಬಾಯಲ್ಲಿ ಹುಳಿ ಚುರುಕಾಗಿತ್ತು, ಒಗರು ಗಟ್ಟಿಯಾಗಿತ್ತು, ಆದರೆ ಅದು ಒರಟು ಗೋಣಿಯಂತಲ್ಲದೆ ಮಗ್ಗದ ಸಣ್ಣ ನೂಲಿನಂತೆ ನಾಲಗೆಯ ಮೇಲೆ ಹಾದುಹೋಯಿತು. ನುಂಗಿದ ಮೇಲೂ ಬಹಳ ಹೊತ್ತು ಉಳಿದದ್ದು ಹಣ್ಣಿನ ಸಿಹಿಯಲ್ಲ, ಹೂವಿನ ನೆನಪು. ಮರುದಿನ ಸಂಜೆ ಉಳಿದರ್ಧ ಸೀಸೆ ಮೊದಲ ದಿನಕ್ಕಿಂತ ಚೆನ್ನಾಗಿತ್ತು. ಹಾಗೆಂದರೆ ನಾನು ಅವಸರಪಟ್ಟು ತೆರೆದೆನೆಂದೇ ಅರ್ಥ.

ಊಟದ ಜೊತೆಗಿನ ಹೊಂದಾಣಿಕೆಯ ಬಗ್ಗೆ ಕನ್ನಡದ ಓದುಗರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಮೊದಲ ದಿನ ಕುತೂಹಲಕ್ಕೆಂದು ಮನೆಯ ಬಿಸಿಬೇಳೆ ಬಾತಿನ ಜೊತೆ ಒಂದು ಗುಟುಕು ಕುಡಿದು ನೋಡಿದೆ. ಮೆಣಸಿನಕಾಯಿಯ ಖಾರ ಒಗರನ್ನೂ ಮದ್ಯದ ಉರಿಯನ್ನೂ ಎತ್ತಿ ತೋರಿಸುತ್ತದೆ, ಹುಣಸೆಯ ಹುಳಿ ಹಣ್ಣಿನ ರುಚಿಯನ್ನು ಒರೆಸಿಹಾಕುತ್ತದೆ, ಎರಡಕ್ಕೂ ಅನ್ಯಾಯ. ಬೆಣ್ಣೆ, ಚೀಸ್, ಮೊಟ್ಟೆಗಳಿಗೆ ಈ ವೈನ್ ಚೆನ್ನಾಗಿ ಒಗ್ಗುತ್ತದೆ, ಏಕೆಂದರೆ ಟ್ಯಾನಿನ್ ನಮ್ಮ ಎಂಜಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯಿ ಒಣಗಿಸುವಾಗ ಆಹಾರದ ಪ್ರೋಟೀನ್, ಕೊಬ್ಬುಗಳು ನಡುವೆ ಬಂದು ಆ ಪೆಟ್ಟನ್ನು ತಾವು ತಿನ್ನುತ್ತವೆ. ಮಾಂಸ ತಿನ್ನುವ ಸ್ಥಳೀಯರು ಬರೋಲೊದಲ್ಲಿಯೇ ಬೇಯಿಸಿದ ದನದ ಮಾಂಸವನ್ನು ಬಡಿಸುತ್ತಾರೆ. ಸಸ್ಯಾಹಾರಿಯಾದ ನನಗೆ ಮೊಟ್ಟೆಯ ಹಳದಿಯಲ್ಲಿ ಕಲಸಿದ ತಾಯಾರಿನ್ ಎಂಬ ಸಣ್ಣ ಶಾವಿಗೆಯಂಥ ಪಾಸ್ತಾ, ಅದರ ಮೇಲೆ ಬೆಣ್ಣೆ ಮತ್ತು ಪೊರ್ಚಿನಿ ಅಣಬೆ ಸಾಕಾಯಿತು. (ಮೊಟ್ಟೆಯನ್ನು ಸಸ್ಯಾಹಾರಕ್ಕೆ ಸೇರಿಸಿದ್ದಕ್ಕೆ ಊರಿನ ಹಿರಿಯರು ಕ್ಷಮಿಸಲಿ.)

ದೋಷಗಳೂ ಇವೆ. ಬೆಲೆ ನೂರಾರು ಯೂರೋ. ಹನ್ನೆರಡು ಎಕರೆಯ ಫಸಲಿಗೆ ಪ್ರಪಂಚವೆಲ್ಲ ಕೈಚಾಚಿದರೆ ಆಗುವುದೇ ಹೀಗೆ. ಕೈಯಿಂದ ಕೈಗೆ ದಾಟಿದ ಸೀಸೆಯಾದರೆ ಅಪಾಯವೂ ಸೇರಿಕೊಳ್ಳುತ್ತದೆ. ಕೆಲವು ವರ್ಷಗಳ ಹಿಂದೆ ಬೇರೊಂದು ನಗರದ ಅಂಗಡಿಯಿಂದ ತಂದ ಹಳೆಯ ಬರೋಲೊ ಒಂದು, ಬಹುಶಃ ಬಿಸಿಲು ಬೀಳುವ ಗಾಜಿನ ಕಪಾಟಿನಲ್ಲಿ ನಿಂತೇ ವರ್ಷ ಕಳೆದಿದ್ದರಿಂದ, ಬೇಯಿಸಿದ ಒಣದ್ರಾಕ್ಷಿಯ ರುಚಿಗೆ ತಿರುಗಿತ್ತು. ಸಿಂಕಿಗೆ ಸುರಿಯುವಾಗ ಹೊಟ್ಟೆ ಉರಿಯಿತು. ಆದ್ದರಿಂದ ಎಲ್ಲಿ, ಹೇಗೆ ಇಡಲಾಗಿತ್ತು ಎಂಬುದನ್ನು ಕೇಳಿಯೇ ಕೊಳ್ಳಬೇಕು. ಈ ಮನೆಯ ಕೈಗುಣವನ್ನು ಕಡಿಮೆ ಹಣದಲ್ಲಿ ಅರಿಯಬಯಸುವವರಿಗೆ ಬೇರೆ ದ್ರಾಕ್ಷಿ ತಳಿಗಳಿಂದ ಮಾಡಿದ ಅವರದೇ ದೊಲ್ಚೆತ್ತೊ ಇದೆ, ಬಾರ್ಬೆರಾ ಇದೆ; ಸಿಕ್ಕರೆ ಫ್ರೈಸಾ ಬಿಡಬೇಡಿ. ಅದು ನೆಬ್ಬಿಯೋಲೊದ ಹತ್ತಿರದ ಸಂಬಂಧಿ, ಅದೇ ಒಗರು, ತುಸು ಒರಟು, ಕುಡಿಯಲು ಹೆಚ್ಚು ವರ್ಷ ಕಾಯಿಸುವುದಿಲ್ಲ.

ನನ್ನ ಬಳಿ 2016ರದು ಒಂದು ಸೀಸೆ ಇದೆ. ನೆಲಮಾಳಿಗೆಯಲ್ಲಿ ಅಡ್ಡ ಮಲಗಿಸಿ, ಅದರ ಕುತ್ತಿಗೆಗೆ 2031 ಎಂದು ಬರೆದ ಚೀಟಿ ಕಟ್ಟಿದ್ದೇನೆ.