ಒದ್ದೆ ನೆಲದ ಮೇಲೆ ಜಿಪ್ಸಮ್ ಗೋಡೆ ಹಾಕಿಸುತ್ತಿದ್ದೀರಾ? ಮೊದಲು ಕೆಳಗಿನ ಅಂಚು ನೋಡಿ

ಬಟ್ಟೆ ಒಗೆಯುವ ಜಾಗ, ಬಚ್ಚಲಿನ ಪಕ್ಕ, ನೆಲಮಾಳಿಗೆ. ಇಂಥ ಕಡೆ ಜಿಪ್ಸಮ್ ಬೋರ್ಡಿನ (ಎರಡೂ ಬದಿಗೆ ಕಾಗದ ಅಂಟಿಸಿದ ಜಿಪ್ಸಮ್ ಹಲಗೆ) ಪಾರ್ಟಿಷನ್ ಹಾಕಿಸುತ್ತಿದ್ದರೆ, ಬೋರ್ಡು ನೆಲಕ್ಕೆ ತಾಗಿದೆಯಾ ನೋಡಿ. ತಾಗಿದ್ದರೆ ಅಲ್ಲಿಗೇ ಕೆಲಸ ನಿಲ್ಲಿಸಿ.

ನಮ್ಮ ಮನೆಯಲ್ಲಿ ವಾಷಿಂಗ್ ಮೆಷಿನ್ ಇಡುವ ಜಾಗಕ್ಕೂ ಪಕ್ಕದ ರೂಮಿಗೂ ನಡುವೆ ಇಂಥದ್ದೇ ಗೋಡೆ ಎದ್ದಿತ್ತು. 'ಇದು ಹಸಿರು ಬೋರ್ಡು (ತೇವದ ಜಾಗಕ್ಕೆಂದೇ ಮಾಡಿದ ಜಿಪ್ಸಮ್ ಬೋರ್ಡು), ನೀರಿಗೆ ಏನೂ ಆಗಲ್ಲ' ಅಂತ ಗುತ್ತಿಗೆದಾರರು ಭರವಸೆ ಕೊಟ್ಟಿದ್ದರು. ಕೆಲವೇ ತಿಂಗಳಲ್ಲಿ ಸ್ಕರ್ಟಿಂಗ್ (ಗೋಡೆಯ ಬುಡಕ್ಕೆ ಹೊಡೆಯುವ ಪಟ್ಟಿ) ಮೇಲಿನ ಪೇಂಟ್ ಗುಳ್ಳೆ ಎದ್ದಿತು. ಹೆಬ್ಬೆರಳಲ್ಲಿ ಒತ್ತಿದರೆ ಗೋಡೆ ಒಳಕ್ಕೆ ಹೋಗುತ್ತಿತ್ತು. ಸ್ಕರ್ಟಿಂಗ್ ಕಿತ್ತಾಗ ಬೋರ್ಡಿನ ಕಾಗದ ಕಪ್ಪಾಗಿ ಸುಲಿದು ಬಂತು. ಒಳಗಿನ ಜಿಪ್ಸಮ್ ಮೆತ್ತಗಾಗಿ ಕೈಗೆ ಅಂಟುತ್ತಿತ್ತು. ಸದ್ದು ತಡೆಯಲು ತುಂಬಿದ್ದ ಗ್ಲಾಸ್‌ವೂಲ್ ಹಿಂಡಿದರೆ ನೀರು ಸುರಿಯಿತು. ಆ ಮುಗ್ಗಲು ವಾಸನೆ ಪಕ್ಕದ ರೂಮಿನಿಂದ ಹೋಗಲು ಎಷ್ಟೋ ಕಾಲ ಬೇಕಾಯಿತು.

ಬತ್ತಿ ಎಣ್ಣೆ ಹೀರುವ ಹಾಗೆ ಜಿಪ್ಸಮ್ ಬೋರ್ಡು ಕೆಳಗಿನಿಂದ ನೀರು ಹೀರುತ್ತದೆ. ಹಸಿರು ಬೋರ್ಡು ಹವೆಯ ತೇವ ತಡೆಯುತ್ತದೆ, ಒಮ್ಮೊಮ್ಮೆ ಸಿಡಿಯುವ ಹನಿ ತಡೆಯುತ್ತದೆ. ನಿಂತ ನೀರನ್ನು ಅದೂ ತಡೆಯಲ್ಲ. ಮೇಲಿನ ಕಾಗದವೇ ಬೂಷ್ಟಿಗೆ ಆಹಾರ. ಒಂದೆರಡು ದಿನ ಒದ್ದೆಯಾಗಿದ್ದರೆ ಸಾಕು, ಬೆಳೆಯಲು ಶುರು. ಸ್ಕರ್ಟಿಂಗ್ ಅದನ್ನು ಮುಚ್ಚಿಬಿಡುವುದರಿಂದ ಒಣಗುವುದೂ ಇಲ್ಲ, ಕಾಣುವುದೂ ಇಲ್ಲ.

ಎರಡನೇ ಸಲ ಬೇರೆ ಮೇಸ್ತ್ರಿ ಬಂದರು. ಅವರು ಮೊದಲು ಮಾಡಿದ್ದು ಗೋಡೆಯಲ್ಲ, ಅದರ ಕೆಳಗೆ 100 ಮಿಲಿಮೀಟರ್ ಎತ್ತರದ ಕಾಂಕ್ರೀಟ್ ಕಟ್ಟೆ. ವಾಟರ್‌ಪ್ರೂಫಿಂಗ್ ಲೇಪ ನೆಲದಿಂದ ಹತ್ತಿ ಕಟ್ಟೆಯ ನೆತ್ತಿಯವರೆಗೂ ಬಂತು. ನೆಲ ಮತ್ತು ಕಟ್ಟೆ ಸೇರುವ ಮೂಲೆಗೆ ಟೇಪ್ ಕೂರಿಸಿ ಅದರ ಮೇಲೂ ಬಳಿದರು. ಲೇಪ ಒಣಗಿದ ಮೇಲೆ 24 ಗಂಟೆ ನೀರು ನಿಲ್ಲಿಸಿ ನೋಡಿ, ಆಮೇಲೆ ಟೈಲ್ಸ್. ಈ ಕ್ರಮ ತಪ್ಪಲು ಬಿಡಬೇಡಿ. 'ಟೈಲ್ಸ್ ಹಾಕಿದ್ರೆ ಸಾಕು' ಅಂತ ಜಾಸ್ತಿ ಜನ ಹೇಳ್ತಾರೆ, ಆದರೆ ಟೈಲ್ಸ್ ನಡುವಿನ ಸಂದಿಗೆ ತುಂಬುವ ಗ್ರೌಟ್ ನೀರನ್ನು ಒಳಗೆ ಬಿಡುತ್ತದೆ.

ಕಟ್ಟೆಯ ಮೇಲೆ ಜಿಂಕ್ ಲೇಪದ ಟ್ರ್ಯಾಕ್, ಅಂದರೆ ಗೋಡೆಯ ಚೌಕಟ್ಟು ನಿಲ್ಲುವ ಲೋಹದ ಪಟ್ಟಿ. ಅದನ್ನು ಕೂರಿಸುವ ಸ್ಕ್ರೂ ವಾಟರ್‌ಪ್ರೂಫಿಂಗ್ ಅನ್ನೇ ತೂತು ಮಾಡುತ್ತದೆ ಅಲ್ವಾ? ಅದಕ್ಕೆ ಪ್ರತಿ ತೂತಿಗೂ ಸೀಲೆಂಟ್ ತುಂಬಿದ ಮೇಲೆಯೇ ಸ್ಕ್ರೂ ಬಿಗಿದರು. ನನಗೆ ಅವರ ಮೇಲೆ ನಂಬಿಕೆ ಬಂದಿದ್ದೇ ಆಗ. ಒದ್ದೆ ಬದಿಗೆ ಜಿಪ್ಸಮ್ ಬದಲು ಸಿಮೆಂಟ್ ಬೋರ್ಡು. ಅದಕ್ಕೂ ಕೆಳಗೆ 10 ಮಿಲಿಮೀಟರ್ ಸಂದು ಬಿಟ್ಟು ಸಿಲಿಕೋನ್ ತುಂಬಿದರು. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಸ್ಕರ್ಟಿಂಗ್ ಇಂಥ ಜಾಗಕ್ಕೆ ಬೇಡವೇ ಬೇಡ, ನೀರು ಕುಡಿದು ಊದಿಕೊಳ್ಳುತ್ತದೆ. ಪಿವಿಸಿ ಅಥವಾ ಟೈಲ್ಸ್ ಹಾಕಿಸಿ. ನೆಲಕ್ಕೆ ಡ್ರೈನ್ ಕಡೆ ಇಳಿಜಾರು ಇರಲಿ, ಒಂದು ಮೀಟರಿಗೆ 10 ಮಿಲಿಮೀಟರ್ ಆದರೂ ಬೇಕು.

ಕಟ್ಟೆಗೆ ಅವಕಾಶವೇ ಇಲ್ಲದಿದ್ದರೆ ಬೋರ್ಡನ್ನು ನೆಲದಿಂದ ಕನಿಷ್ಠ 12 ಮಿಲಿಮೀಟರ್ ಮೇಲೆತ್ತಿಸಿ. ಇದು ನೆಲ ಒರೆಸುವಾಗಿನ ತೇವಕ್ಕೆ ಸಾಕು, ದಿನಾ ನೀರು ನಿಲ್ಲುವ ಕಡೆ ಸಾಲದು.

ಗೋಡೆ ಈಗಾಗಲೇ ಎದ್ದಿದ್ದರೆ, ಜಾಸ್ತಿ ಒದ್ದೆಯಾಗುವ ಮೂಲೆಯಲ್ಲಿ ಸ್ಕರ್ಟಿಂಗಿನ ಒಂದು ತುಂಡು ತೆಗೆಸಿ ನೋಡಿ. ಬೋರ್ಡು ಮೆತ್ತಗಿದ್ದರೆ ತೇವ ಹತ್ತಿದ ಗುರುತಿಗಿಂತ ಒಂದು ಅಡಿ ಮೇಲಿನವರೆಗೆ ಕತ್ತರಿಸಿ ತೆಗೆಸಿ, ಒಳಗಿನ ಗ್ಲಾಸ್‌ವೂಲ್ ಕೂಡ. ಸುಮ್ನೆ ಪುಟ್ಟಿ ಹಚ್ಚಿ ಪೇಂಟ್ ಹೊಡೆದುಕೊಡ್ತೀವಿ ಅಂದರೆ ಒಪ್ಪಬೇಡಿ.