ಒಂದೇ ಸೂರ್ಯ, ಹಲವು ಹಿನ್ನೆಲೆ: ಚಿತ್ರದಲ್ಲಿ ಬೆಳಕು ತರುವ ದಾರಿಗಳ ಹೋಲಿಕೆ

ಚಿತ್ರಕಾರರು ಬಳಸುವ ಟೈಟಾನಿಯಂ ಬಿಳಿ ಬಣ್ಣ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡಾ 90ರಷ್ಟನ್ನು ಅಥವಾ ಅದಕ್ಕಿಂತ ತುಸು ಹೆಚ್ಚನ್ನು ಹಿಂದಿರುಗಿಸುತ್ತದೆ. ಮಂಕಾಗಿ ಒಣಗಿದ ಕಪ್ಪು ಶೇಕಡಾ 3 ಅಥವಾ 4ರಷ್ಟನ್ನು. ಚಿತ್ರಕಾರರ ಬಂಡವಾಳ ಇಷ್ಟೇ. ನಿಜವಾದ ಸೂರ್ಯನ ಎದುರು ಇದು ಲೆಕ್ಕಕ್ಕೇ ಇಲ್ಲ. ಹಾಗಾಗಿ ಸೂರ್ಯಬಿಂಬದ ಬಣ್ಣವನ್ನು ತಿದ್ದುತ್ತಾ ಕೂರುವ ಬದಲು ಅದರ ನೆರೆಹೊರೆಯನ್ನು ಬದಲಾಯಿಸುತ್ತಾ ಹೋದೆ. ದೃಶ್ಯ ಒಂದೇ: ಮಂಜು ಕವಿದ ನೀರಿನ ಮೇಲೆ ಇಳಿಯುತ್ತಿರುವ ಸೂರ್ಯ. ಮಾಧ್ಯಮ ತೈಲವರ್ಣ. ಬಿಂಬಕ್ಕೆ ಎಲ್ಲ ಹಲಗೆಗಳಲ್ಲೂ ಒಂದೇ ಮಿಶ್ರಣ, ಕ್ಯಾಡ್ಮಿಯಂ ಕಿತ್ತಳೆಗೆ ಒಂದು ಚೂರು ಬಿಳಿ.

ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ಸುತ್ತಲೂ ಕತ್ತಲು ತುಂಬುವುದು. ದೂರದಿಂದ ನೋಡಿದರೆ ಈ ಹಲಗೆಯೇ ಕಣ್ಣನ್ನು ಮೊದಲು ಸೆಳೆಯುತ್ತದೆ, ನಿಜ. ಆದರೆ ಹತ್ತಿರ ಬಂದರೆ ಸೂರ್ಯ ಆಕಾಶದಲ್ಲಿ ಇರುವುದಿಲ್ಲ, ಆಕಾಶದ ಮೇಲೆ ಅಂಟಿಸಿದ ಬಿಲ್ಲೆಯಂತೆ ಇರುತ್ತದೆ. ಹಗಲಿನ ಗಾಳಿಯೂ ಮಂಜೂ ಸತ್ತುಹೋಗುತ್ತವೆ. ದೀಪದ ಚಿತ್ರಕ್ಕೆ ಈ ದಾರಿ ಸರಿ. ಆದರೆ ಅಲ್ಲಿಯೂ ಫ್ರಾನ್ಸಿನ ಜಾರ್ಜ್ ದ ಲಾ ತೂರ್ ಹಲವು ಚಿತ್ರಗಳಲ್ಲಿ ಮೇಣದಬತ್ತಿಯ ಜ್ವಾಲೆಯನ್ನು ಒಂದು ಕೈಯ ಹಿಂದೆ ಮರೆಮಾಡಿ, ಬೆಳಗಿದ ಮುಖಗಳನ್ನು ತೋರಿಸಿದ. ಬರೀ ಕಪ್ಪು ಬಳಿದರೆ ಬೆಳಕು ಬರುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಎರಡನೆಯದು ವಿರುದ್ಧ ಬಣ್ಣಗಳ ದಾರಿ. ವರ್ಣಚಕ್ರದಲ್ಲಿ ಕಿತ್ತಳೆಯ ಎದುರು ನೀಲಿ ಇದೆ, ಆದ್ದರಿಂದ ಆಕಾಶಕ್ಕೆ ಗಾಢ ಅಲ್ಟ್ರಾಮರೀನ್. ಇದರ ಶಾಸ್ತ್ರವನ್ನು ರಸಾಯನಶಾಸ್ತ್ರಜ್ಞ ಶೆವ್ರೊಲ್ 1839ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಗೋಬ್ಲಾಂ ನೇಯ್ಗೆ ಕಾರ್ಖಾನೆಯ ಕಪ್ಪು ಬಣ್ಣ ಸಪ್ಪೆಯಾಗಿ ಕಾಣುತ್ತದೆ ಎಂಬ ದೂರಿನ ಬೆನ್ನುಹತ್ತಿ ಹೋದವನು, ತಪ್ಪು ಬಣ್ಣದಲ್ಲಿಲ್ಲ, ಪಕ್ಕದ ನೂಲಿನಲ್ಲಿದೆ ಎಂದು ಕಂಡುಕೊಂಡ. ನನ್ನ ಹಲಗೆಯಲ್ಲಿ ನೀಲಿ ಕಿತ್ತಳೆಯನ್ನು ಕೆರಳಿಸಿದ್ದೇನೋ ಹೌದು. ನೀಲಿಗೆ ಬಿಳಿ ಬೆರೆಸಿ ಎರಡರ ತಿಳಿತನವನ್ನು, ಅಂದರೆ ಬಣ್ಣ ಎಷ್ಟು ತಿಳಿ ಎಷ್ಟು ಗಾಢ ಎಂಬುದನ್ನು, ಸಮಕ್ಕೆ ತಂದಾಗಲಂತೂ ಅಂಚು ನಡುಗತೊಡಗಿತು. ಆದರೆ ನಡುಕ ಬೇರೆ, ಬೆಳಗುವುದು ಬೇರೆ. ಎರಡು ಬಣ್ಣಗಳೂ ಪೂರ್ಣ ದನಿಯಲ್ಲಿ ಕೂಗುವಾಗ ಯಾವುದು ಬೆಳಕಿನ ಮೂಲ ಎಂದು ಕಣ್ಣಿಗೆ ತಿಳಿಯುವುದಿಲ್ಲ. ಭಿತ್ತಿಚಿತ್ರಕ್ಕೆ, ಜಾಹೀರಾತಿಗೆ ಇದು ಚೆನ್ನ, ಮಂಜಿಗೆ ಅಲ್ಲ.

ಮೂರನೆಯ ಹಲಗೆ ನೋಡಲು ಬಡಕಲು: ಸುತ್ತಲೂ ಬೂದು. ಅಲ್ಟ್ರಾಮರೀನ್ ಮತ್ತು ಕೆಂಗಂದು ಬಣ್ಣದ ಬರ್ನ್ಟ್ ಸಿಯೆನ್ನಾ ಬೆರೆಸಿ, ಬಿಳಿ ಸೇರಿಸಿ, ತುಸು ತಣ್ಣಗಿನ ಕಡೆಗೆ ವಾಲಿಸಿದ ಬೂದು. ಅದರ ತಿಳಿತನವನ್ನು ಕಿತ್ತಳೆಗೆ ಬಹುಮಟ್ಟಿಗೆ ಸಮವಾಗಿ ಇಟ್ಟೆ. ಬಿಂಬಕ್ಕೆ ಹತ್ತಿರವಾದಂತೆ ಬೂದಿಗೆ ಒಂದಿಷ್ಟು ಕಿತ್ತಳೆ ಸೇರಿಸಿ, ಬೆಚ್ಚಗಾಗಿಸಿ, ಅಂಚನ್ನು ಒಣ ಕುಂಚದಿಂದ ಸವರಿ ಮಸುಕುಗೊಳಿಸಿದೆ. ಅದೇ ಕಿತ್ತಳೆ ಇಲ್ಲಿ ಉರಿಯತೊಡಗಿತು. ಮೊದಲ ಎರಡು ಹಲಗೆಗಳ ಪಕ್ಕದಲ್ಲಿಟ್ಟರೆ ಟ್ಯೂಬ್ ಬದಲಾಯಿಸಿದ್ದೀರಾ ಎಂದು ಕೇಳುವಷ್ಟು ವ್ಯತ್ಯಾಸ.

ಕಾರಣ ನಿಗೂಢವೇನಲ್ಲ. ಬೂದಿಗೆ ತನ್ನದೇ ಬಣ್ಣದ ಹಟವಿಲ್ಲ; ಕಿತ್ತಳೆಯ ಪಕ್ಕದಲ್ಲಿ ಅದು ನೀಲಿಯಾಗಿ ಕಾಣುತ್ತದೆ. ಬೇಕಾದ ವಿರುದ್ಧ ಬಣ್ಣವನ್ನು ಕಣ್ಣೇ ಒದಗಿಸುತ್ತದೆ, ಅದೂ ಹದವಾಗಿ. ಇನ್ನೊಂದು ಕಾರಣ ಸಮ ತಿಳಿತನ. ಫ್ರಾನ್ಸಿನ ಚಿತ್ರಕಾರ ಮೊನೆ 1872ರಲ್ಲಿ ಬಿಡಿಸಿದ 'ಇಂಪ್ರೆಶನ್, ಸನ್‌ರೈಸ್' ಚಿತ್ರವನ್ನು ಕಪ್ಪು-ಬಿಳುಪಿಗೆ ಇಳಿಸಿದರೆ ಸೂರ್ಯ ಬಹುತೇಕ ಮಾಯವಾಗುತ್ತಾನೆ. ಬಣ್ಣವನ್ನೂ ತಿಳಿತನವನ್ನೂ ಮಿದುಳು ಬೇರೆ ಬೇರೆಯಾಗಿ ಸಂಸ್ಕರಿಸುತ್ತದೆ, ಎರಡರ ಸಾಕ್ಷ್ಯ ತಾಳೆಯಾಗದಾಗ ಬಿಂಬ ಮಿಡಿಯುವಂತೆ ತೋರುತ್ತದೆ ಎಂಬುದು ನರವಿಜ್ಞಾನಿ ಮಾರ್ಗರೆಟ್ ಲಿವಿಂಗ್‌ಸ್ಟನ್ ಅವರ ವಿವರಣೆ. ನಿಮ್ಮ ಚಿತ್ರವನ್ನೂ ಮೊಬೈಲಿನ ಕಪ್ಪು-ಬಿಳುಪು ಫೋಟೊದಲ್ಲಿ ಪರೀಕ್ಷಿಸಬಹುದು. ಆದರೆ ನೀಲಿಯ ಹಲಗೆಯೂ ಆ ಪರೀಕ್ಷೆಯಲ್ಲಿ ಗೆದ್ದಿತ್ತು, ಬೆಳಗಲಿಲ್ಲ. ಬೂದಿನ ಹಲಗೆಯನ್ನು ಗೆಲ್ಲಿಸಿದ್ದು ಸಮ ತಿಳಿತನಕ್ಕಿಂತ ಹೆಚ್ಚಾಗಿ ನೆರೆಯ ಮೌನ ಮತ್ತು ಆ ಬೆಚ್ಚಗಿನ ಅಂಚು ಎಂದೇ ನನ್ನ ತೀರ್ಮಾನ.

ತೆಳು ಪಾರದರ್ಶಕ ಪದರಗಳ ದಾರಿಯನ್ನು, ಅಂದರೆ ಗ್ಲೇಜಿಂಗ್ ಅನ್ನು, ಇವುಗಳ ಜೊತೆ ತೂಗುವುದು ಪೂರ್ತಿ ನ್ಯಾಯವಲ್ಲ. ಬೆಳಕು ಪದರವನ್ನು ಹಾದು, ತಳದ ಬಿಳಿಗೆ ತಾಗಿ, ಬಣ್ಣ ಹೊತ್ತು ಮರಳುವುದು ಅಲ್ಲಿನ ಗುಟ್ಟು. ಕ್ಯಾಡ್ಮಿಯಂ ಅಪಾರದರ್ಶಕವಾದ್ದರಿಂದ ಅಲ್ಲಿ ಮಾತ್ರ ಪಾರದರ್ಶಕ ಕಿತ್ತಳೆಗೆ ಹೋಗಬೇಕಾಯಿತು. ಫಲ ಸುಂದರ, ಆಳವಿದೆ, ಆದರೆ ಪ್ರತಿ ಪದರವೂ ಒಣಗುವವರೆಗೆ ಕಾಯಬೇಕು. ಮಂದ ಬೆಳಕಿನ ಕೋಣೆಯಲ್ಲಿ ಅರ್ಧ ಸೊಬಗು ಕಾಣೆ.

ಬಿಂಬಕ್ಕೇ ಇನ್ನಷ್ಟು ಬಿಳಿ ಸುರಿಯುವ ಚಪಲ ಎಲ್ಲರಿಗೂ ಬರುತ್ತದೆ. ಬಿಳಿ ಹೆಚ್ಚಿದಂತೆ ಕಿತ್ತಳೆ ಸುಣ್ಣದ ಪುಡಿಯ ಕಡೆಗೆ ಜಾರುತ್ತದೆ, ಶಾಖ ಹೋಗುತ್ತದೆ. ತಿಳಿ ಬೇಕೆಂದರೆ ಹಳದಿಯತ್ತ ಸರಿಯಿರಿ. ತಿಳಿಯಾಗಿದ್ದೂ ತೀಕ್ಷ್ಣವಾಗಿ ಉಳಿಯುವ ಬಣ್ಣ ಅದೊಂದೇ.

ಬಣ್ಣಗಳನ್ನು ಬೆರೆಸದೆ ಪಕ್ಕಪಕ್ಕದಲ್ಲಿಡುವ ಬಿಡಿ ಕುಂಚದ ಹೊಡೆತಗಳ ದಾರಿಗೆ ಆಕಾಶದಲ್ಲಿ ನಾನು ಅಂಕ ಕೊಡಲಿಲ್ಲ. ಕಿತ್ತಳೆ ಮತ್ತು ನೀಲಿ ಚುಕ್ಕೆಗಳು ದೂರಕ್ಕೆ ಬೆರೆತು ಮಂಕು ಬೂದಾಗುತ್ತವೆ, ಅದನ್ನು ಪ್ಯಾಲೆಟ್ಟಿನಲ್ಲೇ ಬೆರೆಸಿಕೊಳ್ಳಬಹುದು. ನೀರಿನ ಮೇಲಿನ ಪ್ರತಿಬಿಂಬಕ್ಕೆ ಮಾತ್ರ ಬೇರೆ ಯಾವ ದಾರಿಯೂ ಸಾಲದು: ಬೂದು ನೀರು ಇನ್ನೂ ಹಸಿಯಿರುವಾಗಲೇ ದಪ್ಪ ಕಿತ್ತಳೆಯ ಅಡ್ಡ ಗೆರೆಗಳನ್ನು ಎಳೆದು, ನಡುವೆ ನೀರು ಕಾಣುವಂತೆ ಬಿಡಬೇಕು, ಆಮೇಲೆ ತಿದ್ದಬಾರದು.