ಆಡಿಯೋಮಾತ್ ರೆಕಾರ್ಡರ್: ಹೊಸ ಕಪ್ಪೆಯ ಜಾಡು ಹಿಡಿಯಲು ಸೈ, ಹೆಸರಿಡಲು ಸಾಲದು

2016ರಲ್ಲಿ ನಮ್ಮ ಕರಾವಳಿಯ ಎರಡು ಹೊಸ ಕಪ್ಪೆಗಳ ವಿವರಣೆ ಪ್ರಕಟವಾಯಿತು. ಆಗ ಯೂಫ್ಲಿಕ್ಟಿಸ್ ಕರಾವಳಿ ಎಂದು ಹೆಸರಾದ ಕಪ್ಪೆ ಕೂಗಿದರೆ ಗದ್ದೆ ಮಿಂಚುಳ್ಳಿ ಎಂದುಕೊಳ್ಳಬೇಕು. ಮಣಿಪಾಲದ ಮುರಕಲ್ಲು ಬಯಲಿನ ಮೈಕ್ರೋಹೈಲ ಲ್ಯಾಟರೈಟ್ ಕೂಗಿದರೆ ಯಾವುದೋ ಕೀಟ ಅನ್ನಿಸುತ್ತದೆ. ಇಂಥವುಗಳ ಬೆನ್ನು ಹತ್ತುವವರಿಗೆ ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ, ತಾನಾಗಿ ಸದ್ದು ದಾಖಲಿಸುವ ಆಡಿಯೋಮಾತ್ ನಿಜಕ್ಕೂ ಕೆಲಸಕ್ಕೆ ಬರುವ ಸಾಧನ. ಮೂರು ಎಎ ಬ್ಯಾಟರಿ, ಒಂದು ಮೈಕ್ರೋ ಎಸ್‌ಡಿ ಕಾರ್ಡ್ ಹಾಕಿ, ಕಂಪ್ಯೂಟರ್‌ನಲ್ಲಿ ವೇಳಾಪಟ್ಟಿ ತುಂಬಿ, ಸ್ವಿಚ್ಚನ್ನು 'ಕಸ್ಟಮ್'ಗೆ ತಳ್ಳಿ ಮರಕ್ಕೆ ಕಟ್ಟಿದರಾಯಿತು. ಕಾಡಿನಲ್ಲಾದರೆ ಅರಣ್ಯ ಇಲಾಖೆಯ ಅನುಮತಿ ಮೊದಲು.

ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆಯುತ್ತದೆ ಎಂಬ ಲೆಕ್ಕ) 384 ಕಿಲೋಹರ್ಟ್ಸ್‌ವರೆಗೂ ಇದೆ, ಆದರೆ ನಮ್ಮ ಕಪ್ಪೆಗಳಿಗೆ 48 ಧಾರಾಳ. ಆಗ ನಿಮಿಷಕ್ಕೆ 5.76 ಎಂಬಿ. ಸಂಜೆ ಆರೂವರೆಯಿಂದ ನಡುರಾತ್ರಿಯವರೆಗೆ ಪ್ರತಿ ಹತ್ತು ನಿಮಿಷಕ್ಕೆ ಒಂದು ನಿಮಿಷ ದಾಖಲಿಸಿದರೆ ರಾತ್ರಿಗೆ 190 ಎಂಬಿ, 32 ಜಿಬಿ ಕಾರ್ಡ್ ಮಳೆಗಾಲ ದಾಟಿಸುತ್ತದೆ. ಬೋರ್ನಿಯೋದ ಹುಯಿಯಾ ಕ್ಯಾವಿಟಿಂಪಾನಮ್ ಕಪ್ಪೆಯದು ಮಾತ್ರ ಬೇರೆ ಮಾತು. ಅದರ ಕೆಲವು ಕೂಗುಗಳು ಪೂರ್ತಿ 20 ಕಿಲೋಹರ್ಟ್ಸ್ ಮೇಲಿರುವುದರಿಂದ, ಮನುಷ್ಯರ ಕಿವಿಗೆ ಕೇಳಿಸುವುದೇ ಇಲ್ಲ. ಸ್ಯಾಂಪಲ್ ರೇಟಿನ ಅರ್ಧದವರೆಗಿನ ಸದ್ದು ಮಾತ್ರ ದಾಖಲಾಗುವುದರಿಂದ ಅಲ್ಲಿ 192 ಇಡಬೇಕು, ಕಾರ್ಡ್ ನಾಲ್ಕು ಪಟ್ಟು ಬೇಗ ತುಂಬುತ್ತದೆ.

ಹೆಚ್ಚಿನವರು ಎಡವುವುದು ಗಡಿಯಾರದಲ್ಲಿ. ಬ್ಯಾಟರಿ ತೆಗೆದರೆ ಸಮಯ ಅಳಿದುಹೋಗುತ್ತದೆ. ಬ್ಯಾಟರಿ ಬದಲಿಸಿದಾಗಲೆಲ್ಲ ಹೊಸದಾಗಿ ಹೊಂದಿಸಲೇಬೇಕು. ಸಾಧನ ಮೊದಲಿಗೆ ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದಿರುವ ಯುಟಿಸಿ (ವಿಶ್ವ) ಸಮಯದಲ್ಲಿರುತ್ತದೆ. ಹಾಗೇ ಬಿಟ್ಟರೆ ಸಂಜೆ ಏಳರ ಕೂಗು ಫೈಲಿನ ಹೆಸರಿನಲ್ಲಿ 13:30 ಎಂದು ಕೂರುತ್ತದೆ. ಗೇನ್ (ಮೈಕಿನ ಸದ್ದನ್ನು ಹಿಗ್ಗಿಸುವ ಮಟ್ಟ) 'ಮೀಡಿಯಂ' ಇಟ್ಟು ಒಂದು ರಾತ್ರಿಯ ಫೈಲು ತೆರೆದು ನೋಡಿ. ತರಂಗದ ತುದಿಗಳು ಚಪ್ಪಟೆಯಾಗಿದ್ದರೆ ಇಳಿಸಿ, ಏಕೆಂದರೆ ಹಾಗೆ ಕತ್ತರಿಸಿಹೋದ ಕೂಗಿನಲ್ಲಿ ಸದ್ದಿನ ಬಿಡಿ ತುಣುಕುಗಳಾದ ಪಲ್ಸ್‌ಗಳ ಏರಿಳಿತ ಅಳೆಯಲಾಗದು. ತೊರೆಯ ಮೊರೆತ ಕಡಿಮೆ ಮಾಡಲು ಒಳಗಿನ ಫಿಲ್ಟರ್ ಹಾಕುವ ಆಸೆ ಬೇಡ. ಕಂಪ್ಯೂಟರ್‌ನಲ್ಲಿ ಆಮೇಲೆ ಸೋಸಬಹುದು, ದಾಖಲಾಗದೇ ಹೋದದ್ದು ಮರಳಿ ಸಿಗುವುದಿಲ್ಲ. ಮಳೆಗೆ ಜಲನಿರೋಧಕ ಕೇಸನ್ನೇ ಕೊಳ್ಳಿ. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಹನಿ ಬಿದ್ದ ಸದ್ದೇ ರಾತ್ರಿಯೆಲ್ಲ ತುಂಬಿರುತ್ತದೆ.

ಇಷ್ಟಾದರೂ ಇದರ ಧ್ವನಿಯೊಂದನ್ನೇ ನೆಚ್ಚಿ ಹೊಸ ಪ್ರಭೇದವನ್ನು ವಿವರಿಸಲು ಬಾರದು. ಯಾವ ಗಂಡು ಕೂಗಿತು ಎಂದು ಗೊತ್ತಿರುವುದಿಲ್ಲ. ಮೈಕ್ ಎಲ್ಲ ದಿಕ್ಕಿನ ಸದ್ದನ್ನೂ ಬಾಚಿಕೊಳ್ಳುತ್ತದೆ. ದೂರದ ಕೂಗು ಎಲೆ, ಬಂಡೆಗೆ ತಾಗಿ ಪ್ರತಿಧ್ವನಿಸಿ ಪಲ್ಸ್‌ಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಫೈಲಿನಲ್ಲಿ ತಾಪಮಾನ ಬರೆದಿರುತ್ತದೆ, ನಿಜ. ಆದರೆ ಅದು ಕೇಸಿನೊಳಗಿನ ಬೋರ್ಡಿನದು. ಕೂಗಿನ ವೇಗ ತಾಪಮಾನದೊಂದಿಗೆ ಬದಲಾಗುವುದರಿಂದ ಕಪ್ಪೆ ಕೂತ ಜಾಗದ ಅಳತೆಯೇ ಬೇಕು.

ಹಾಗಾಗಿ ಪರಿಚಯವಿಲ್ಲದ ಕೂಗು ಎಲ್ಲಿ, ಎಷ್ಟು ಹೊತ್ತಿಗೆ ಬರುತ್ತದೆಂದು ಇದರಿಂದ ತಿಳಿದುಕೊಂಡು, ಮರುರಾತ್ರಿ ಅದೇ ಹೊತ್ತಿಗೆ ದಿಕ್ಕು ಹಿಡಿಯುವ ಶಾಟ್‌ಗನ್ ಮೈಕ್, ಥರ್ಮಾಮೀಟರ್, ಉದ್ದ ಅಳೆಯುವ ವರ್ನಿಯರ್ ಹಿಡಿದು ಹೋಗಬೇಕು. ಕೂಗುತ್ತಿರುವ ಗಂಡನ್ನು ಮೊದಲು ಧ್ವನಿಮುದ್ರಿಸಿ, ಆಮೇಲೆ ಅದನ್ನೇ ಹಿಡಿದು, ಮೂತಿಯಿಂದ ಗುದದ್ವಾರದವರೆಗಿನ ಉದ್ದ ಅಳೆದು, ಫೈಲಿಗೂ ಮಾದರಿಗೂ ಒಂದೇ ಸಂಖ್ಯೆ ಕೊಡಬೇಕು. ಡಿಎನ್‌ಎ ಹೋಲಿಕೆಗೆ ತೆಗೆದ ಅಂಗಾಂಶದ ಮೇಲೂ ಅದೇ ಸಂಖ್ಯೆ ಇರಲಿ.

ಹಾವು, ಓತಿಕ್ಯಾತಗಳನ್ನು ಹುಡುಕುವವರು ಇದಕ್ಕೆ ದುಡ್ಡು ಹಾಕುವುದು ಬೇಡ. ಕಪ್ಪೆಯವರು ಒಂದಲ್ಲ, ಎರಡು ಕೊಂಡು ಒಂದೇ ತೊರೆಯ ಮೇಲ್ಭಾಗಕ್ಕೊಂದು ಕೆಳಭಾಗಕ್ಕೊಂದು ಕಟ್ಟಲಿ.